ಏತದ ಮರ ಮತ್ತು ಸೈಕಲ್ ಡೈನಮೊ

ನಾನು ಓದಿದ್ದು ಬಿ.ಎ., ಅದರ ಮೇಲೊಂದು ಬಿ.ಎಡ್. ಕಲಿಸುತ್ತ ಬಂದದ್ದು ಇತಿಹಾಸ. ಹೈದರಾಲಿ, ಟಿಪ್ಪು, ದಿವಾನ್ ಪೂರ್ಣಯ್ಯ, ಮುಮ್ಮಡಿ ಕೃಷ್ಣರಾಜ ಒಡೆಯರು, ಇವರೆಲ್ಲ ನನಗೆ ನಮ್ಮ ಬೀದಿಯ ಹಿರಿಯರಿದ್ದ ಹಾಗೆ. ನ್ಯೂಟನ್, ಫ್ಯಾರಡೆ ಮಾತ್ರ ಹೆಸರು ಕೇಳಿದ್ದ ಅಪರಿಚಿತರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನದಲ್ಲಿ ಬಂದ ಅಂಕಗಳನ್ನು ಇಲ್ಲಿ ಬರೆಯುವುದು ಬೇಡ.

2018ರ ಜೂನ್ ತಿಂಗಳು. ಪಾಂಡವಪುರದ ಕಡೆಯ ನಮ್ಮ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರ ಹುದ್ದೆ ಖಾಲಿ ಬಿತ್ತು. ಹೊಸಬರು ಬರುವ ತನಕ ಒಂಬತ್ತು ಮತ್ತು ಹತ್ತನೇ ತರಗತಿಗಳಿಗೆ ಯಾರಾದರೂ ಪಾಠ ಮಾಡಲೇಬೇಕು. ಗಣಿತದವರಿಗೆ ಆಗಲೇ ಪೀರಿಯಡ್ಡು ತುಂಬಿ ತುಳುಕುತ್ತಿತ್ತು. ಹೆಡ್‌ಮಾಸ್ಟರು ನನ್ನ ಕಡೆ ನೋಡಿ, "ಮೇಡಂ, ಭೌತಶಾಸ್ತ್ರದ ಭಾಗ ನೀವು ನೋಡಿಕೊಳ್ಳಿ. ಓದಿಕೊಂಡು ಹೋದರೆ ಆಯಿತು" ಎಂದರು. ಓದಿಕೊಂಡು ಹೋದರೆ ಆಯಿತು ಎನ್ನುವುದು ಹೇಳುವವರಿಗೆ ಸುಲಭ. ಅಂದಿನಿಂದ ರಾತ್ರಿ ಊಟವಾದ ಮೇಲೆ ನಾನು ಮಕ್ಕಳ ಪುಸ್ತಕ ಹಿಡಿದು ಕೂತೆ. ಮನೆಯವರು, "ಈ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟುತ್ತೀಯಾ?" ಎಂದು ನಗುತ್ತಿದ್ದರು.

ಮೊದಲು ಬಂದದ್ದು ಬಲದ ಪಾಠ. ನನಗೆ ಗೊತ್ತಿರುವ ಜಾಗದಿಂದ ಹೊರಡುವುದೇ ಕ್ಷೇಮವೆಂದು ಶ್ರೀರಂಗಪಟ್ಟಣದಿಂದ ಹೊರಟೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರಿನ ಸೈನ್ಯ ಬಳಸಿದ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಇತ್ತು. ಒಳಗೆ ಮದ್ದು ಉರಿದು ಅನಿಲ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಹೋಗುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂದು ಪುಸ್ತಕ ಹೇಳುವುದು ಇದನ್ನೇ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಆ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅವನ್ನು ನೋಡಿ ಕಾಂಗ್ರೀವ್ ಎಂಬಾತ ತನ್ನ ರಾಕೆಟ್ಟು ಮಾಡಿದ. ಇನ್ನೊಂದು ಉದಾಹರಣೆ ಮಕ್ಕಳು ಕಣ್ಣಾರೆ ಕಂಡದ್ದು. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಒಡೆಯದೆ, ಬುಡಸಮೇತ ಜಾಕುಗಳ ಮೇಲೆ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ್ದರು. ಸುಮಾರು ಸಾವಿರ ಟನ್ ತೂಕದ ಕಟ್ಟಡ ಅದು. ಮಕ್ಕಳು ಕಿವಿಗೊಟ್ಟು ಕೇಳಿದರು. ನನಗೂ ಧೈರ್ಯ ಬಂತು.

ಆಮೇಲೆ ಬಲದ ತಿರುಗಿಸುವ ಪರಿಣಾಮ. ತರಗತಿಯ ಬಾಗಿಲನ್ನೇ ತೋರಿಸಿದೆ. ಹಿಡಿಯ ಹತ್ತಿರ ಒಂದು ಬೆರಳಿನಿಂದ ತಳ್ಳಿದರೂ ಬಾಗಿಲು ತಿರುಗುತ್ತದೆ, ಕೀಲಿನ ಪಕ್ಕ ಕೈಯಿಟ್ಟು ತಳ್ಳಿದರೆ ಮೈಯ ಶಕ್ತಿಯೆಲ್ಲ ಬೇಕು. ಬಲ ಎಷ್ಟು ಎನ್ನುವುದಷ್ಟೇ ಮುಖ್ಯವಲ್ಲ. ತಿರುಗುವ ಕೀಲಿನಿಂದ ಎಷ್ಟು ದೂರದಲ್ಲಿ ಆ ಬಲ ಬೀಳುತ್ತದೆ ಎನ್ನುವುದೂ ಅಷ್ಟೇ ಮುಖ್ಯ. ಬಲವನ್ನು ದೂರದಿಂದ ಗುಣಿಸಿದರೆ ಅದರ ತಿರುಗಿಸುವ ಶಕ್ತಿಯ ಅಳತೆ ಸಿಗುತ್ತದೆ. ಪುಸ್ತಕ ಇದರ ಜೊತೆಗೆ ಸನ್ನೆಯ ವಿಷಯ ಹೇಳುತ್ತದೆ. ಸನ್ನೆ ಎನ್ನುವ ಪದವನ್ನು ಪುಸ್ತಕದವರು ಹೊಸದಾಗಿ ಕಟ್ಟಲಿಲ್ಲ. ನಮ್ಮ ಕಡೆ ತೇರು ಹೂತುಕೊಂಡರೆ ಗಾಲಿಯ ಅಡಿಗೆ ಉದ್ದನೆಯ ಮರ ಕೊಟ್ಟು ಸನ್ನೆ ಹಾಕಿ ಎತ್ತುತ್ತಾರೆ. ಕಲ್ಲುಚಪ್ಪಡಿ ಎತ್ತುವವರು ಹಾರೆಯಿಂದ ಮೀಟುತ್ತಾರೆ. ಆಲೆಮನೆಯಲ್ಲಿ ಎತ್ತಿನ ಗಾಣವಿದ್ದ ಕಾಲದಲ್ಲಿ ಗಾಣಕ್ಕೆ ಅಷ್ಟುದ್ದದ ಮರ ಕಟ್ಟುತ್ತಿದ್ದದ್ದೂ ಇದೇ ಕಾರಣಕ್ಕೆ. ಮರ ಉದ್ದವಿದ್ದಷ್ಟೂ ಎತ್ತುಗಳಿಗೆ ಸುತ್ತು ದೊಡ್ಡದು, ಎಳೆತ ಹಗುರ. ಕೆ.ಆರ್. ಪೇಟೆಯ ಹತ್ತಿರ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನದ ಒಳಗಿನ ಕಂಬಗಳನ್ನು ನೋಡಿದರೆ, ಹೊಯ್ಸಳರ ಕುಶಲಿಗಳು ಭಾರಿ ಕಲ್ಲನ್ನೇ ತಿರುಗಿಸುತ್ತ ಉಳಿ ಹಿಡಿದು ಕಡೆದದ್ದು ಗೊತ್ತಾಗುತ್ತದೆ. ಅದು ಹದಿಮೂರನೆಯ ಶತಮಾನ.

ಆದರೆ ನನಗೆ ಎಲ್ಲಕ್ಕಿಂತ ಮೊದಲು ನೆನಪಾದದ್ದು ನಮ್ಮ ತಾತನ ಏತ.

ನನ್ನ ತವರು ನಾಗಮಂಗಲ ತಾಲ್ಲೂಕು. ಶ್ರೀರಂಗಪಟ್ಟಣದ ಸುತ್ತ ಕಾವೇರಿಯಿಂದ ನಾಲೆ ತೆಗೆದು ಗದ್ದೆ ಮಾಡುವುದು ಒಡೆಯರ ಕಾಲದಿಂದ ನಡೆದುಬಂದದ್ದು. ವಿರಿಜಾ ನಾಲೆ, ಚಿಕ್ಕದೇವರಾಯ ನಾಲೆ, ಬಂಗಾರದೊಡ್ಡಿ ನಾಲೆ ಎಂದು ಅಲ್ಲಿಯ ಹುಡುಗರು ಬಾಯಿಪಾಠ ಹೇಳುತ್ತಾರೆ. ನಾಗಮಂಗಲದಲ್ಲಿ ಆ ಭಾಗ್ಯವಿಲ್ಲ. ಮಳೆ ಬಂದರೆ ಕೆರೆ, ಇಲ್ಲವಾದರೆ ಬಾವಿ. ಬಾವಿಯ ನೀರು ತಾನಾಗಿ ಹರಿಯುವುದಿಲ್ಲ, ಅದನ್ನು ಎತ್ತಬೇಕು. ಆಳ ಕಡಿಮೆಯಿದ್ದ ಕಡೆ ಏತ, ನಮ್ಮೂರವರ ಬಾಯಲ್ಲಿ ಯಾತ. ಆಳ ಹೆಚ್ಚಿದ್ದ ಕಡೆ ಕಪಿಲೆ.

ನಾನು ಕಣ್ಣು ಬಿಡುವ ಹೊತ್ತಿಗೆ ಏತದ ಕಾಲ ಮುಗಿಯುತ್ತ ಬಂದಿತ್ತು. ನಮ್ಮ ತೋಟದಲ್ಲಿ ಒಂದು ಮಾತ್ರ ಉಳಿದಿತ್ತು. ಕವೆಯಿದ್ದ ಎರಡು ಕಂಬ, ಅದರ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಮರ. ಮರದ ಬಾವಿಯ ಕಡೆಯ ತುದಿಗೆ ಗಳ, ಗಳದ ತುದಿಗೆ ಬಾನಿ. ಮರದ ಮೇಲೆ ಒಬ್ಬಾಳು ನಿಂತಿರುತ್ತಿದ್ದ. ಅವನು ಬಾವಿಯ ಕಡೆಗೆ ಎರಡು ಹೆಜ್ಜೆ ಇಟ್ಟರೆ ಬಾನಿ ನೀರಿಗಿಳಿಯುತ್ತಿತ್ತು, ತಿರುಗಿ ಹಿಂದಕ್ಕೆ ನಡೆದರೆ ತುಂಬಿದ ಬಾನಿ ಮೇಲೆ ಬರುತ್ತಿತ್ತು. ಕೆಳಗೆ ನಿಂತ ಇನ್ನೊಬ್ಬ ಅದನ್ನು ಕಾಲುವೆಗೆ ಸುರಿಯುತ್ತಿದ್ದ. ಬೆಳಗಿನ ಜಾವದಿಂದ ಬಿಸಿಲೇರುವವರೆಗೆ ಅದೇ ನಡಿಗೆ. ಹಿಡಿಯಲು ಒಂದು ಹಗ್ಗವೋ ಬಿದಿರೋ ಇದ್ದರೆ ಪುಣ್ಯ. ಕಾಲು ಜಾರಿ ಬಿದ್ದವರ ಕತೆ ಪ್ರತಿ ಊರಿನಲ್ಲೂ ಇತ್ತು.

"ತಾತ, ಅಷ್ಟು ಭಾರದ ನೀರು ಹೆಂಗೆ ಎದ್ದು ಬತ್ತದೆ?" ಎಂದು ನಾನು ಕೇಳಿದ್ದೆ.

"ಮುಂದುಕ್ ಹೋದ್ರೆ ಮುಳುಗ್ತದೆ, ಹಿಂದುಕ್ ಬಂದ್ರೆ ಎದ್ದಳ್ತದೆ ಕನವ್ವ. ನಿಂತ್ಕೊಳ್ಳೋ ಜಾಗ ಗೊತ್ತಿರ್ಬೇಕು, ಅಷ್ಟೇಯ" ಎಂದಿದ್ದರು ತಾತ.

ಅವರು ಶಾಲೆಯ ಮುಖ ಕಂಡವರಲ್ಲ. ಆ ಮಾತನ್ನೇ ನಾನು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿದೆ. ಬಾನಿಯಲ್ಲಿ 30 ಕಿಲೊ ನೀರು, ಅದು ಆಧಾರಬಿಂದುವಿನಿಂದ 3 ಮೀಟರ್ ದೂರ. ಗುಣಿಸಿದರೆ 90. ಮರ ತುಳಿಯುವವನು 60 ಕಿಲೊ ಆಳು. ಅವನು ಆಧಾರದಿಂದ ಒಂದೂವರೆ ಮೀಟರ್ ಹಿಂದೆ ನಿಂತರೆ ಅಲ್ಲಿಯೂ 90. ಮರದ ತೂಕವನ್ನು ಪಕ್ಕಕ್ಕಿಟ್ಟರೆ ಎರಡು ಕಡೆಯೂ ಸಮ. ಅಲ್ಲಿಂದ ಅರ್ಧ ಹೆಜ್ಜೆ ಹಿಂದಕ್ಕೆ ಇಟ್ಟರೆ ಸಾಕು, ನೀರು ಏಳುತ್ತದೆ. ಆಳು ಅದೇ, ತೂಕ ಅದೇ, ನಿಂತ ಜಾಗ ಮಾತ್ರ ಬೇರೆ.

ಕಪಿಲೆಯ ಲೆಕ್ಕ ಇನ್ನೊಂದು ಬಗೆ. ಚರ್ಮದ ಚೀಲ, ರಾಟೆ, ಮಿಣಿ, ಒಂದು ಜೊತೆ ಎತ್ತು, ಬಾವಿಯ ಬಾಯಿಂದ ಕೆಳಕ್ಕೆ ತೆಗೆದ ಇಳಿಜಾರು ದಾರಿ. ನೀರೆಳೆಯುವಾಗ ಎತ್ತು ಇಳಿಜಾರಿನಲ್ಲಿ ಇಳಿಯುತ್ತದೆ, ಅದರ ಮೈಭಾರವೂ ಎಳೆತಕ್ಕೆ ಸೇರುತ್ತದೆ. ಹೊಡೆಯುವವನು ಮಿಣಿಯ ಮೇಲೆ ತಾನೂ ಕುಳಿತುಬಿಡುತ್ತಿದ್ದ, ಅವನ ಭಾರವೂ ಸೇರಲೆಂದು. ಭಾರವನ್ನು ಎಲ್ಲಿ, ಯಾವಾಗ ಹಾಕಬೇಕು ಎನ್ನುವುದು ಅವರಿಗೆ ಗೊತ್ತಿತ್ತು. ಆದರೆ ಹಗಲೆಲ್ಲ ತುಳಿದರೂ ಹೊಡೆದರೂ ಒಂದು ತುಂಡು ಹೊಲ ನೆನೆಯುವುದೇ ಕಷ್ಟವಾಗಿತ್ತು. ಏತ ತುಳಿಯುತ್ತಿದ್ದವರು ಹೆಚ್ಚಿನವರು ಹೊಲದ ಒಡೆಯರಲ್ಲ, ಕೂಲಿಯವರು. ನನ್ನ ಇತಿಹಾಸದ ಪುಸ್ತಕದಲ್ಲಿ ನಾಲೆ ತೋಡಿಸಿದ ದೊರೆಗಳ ಹೆಸರಿದೆ. ಮರದ ಮೇಲೆ ನಡೆದವರ ಹೆಸರಿಲ್ಲ.

ದಸರಾ ರಜೆ ಮುಗಿದ ಮೇಲೆ ಹತ್ತನೇ ತರಗತಿಗೆ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ. ಈ ಪಾಠಕ್ಕೆ ನನಗೆ ನಿಜವಾಗಿ ಹೆದರಿಕೆ ಇತ್ತು. ತಾತನ ತೋಟದಲ್ಲಿ ಇದಕ್ಕೆ ಉದಾಹರಣೆ ಸಿಗುವಂತಿರಲಿಲ್ಲ. ಅಭ್ಯಾಸಬಲದಿಂದ ಮೊದಲು ಇಸವಿಗಳನ್ನೇ ಹುಡುಕಿದೆ. 1820ರಲ್ಲಿ ಡೆನ್ಮಾರ್ಕಿನ ಅಯರ್‌ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುವುದಾದರೆ ಕಾಂತದಿಂದ ವಿದ್ಯುತ್ತು ಯಾಕೆ ಹುಟ್ಟಬಾರದು ಎಂದು ಇಂಗ್ಲೆಂಡಿನ ಫ್ಯಾರಡೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ. ಕಮ್ಮಾರನ ಮಗ, ಬುಕ್ ಬೈಂಡರ್ ಅಂಗಡಿಯಲ್ಲಿ ಕೆಲಸಕ್ಕಿದ್ದು ಓದಿದವನು. 1831ರ ಅಕ್ಟೋಬರಿನಲ್ಲಿ ಅವನು ತಂತಿಯ ಸುರುಳಿಯೊಳಗೆ ಕಾಂತವನ್ನು ತಳ್ಳಿದಾಗ ಮುಳ್ಳು ಅಲ್ಲಾಡಿತು. ಹೊರಗೆಳೆದಾಗ ಇನ್ನೊಂದು ಕಡೆಗೆ ಅಲ್ಲಾಡಿತು. ಕಾಂತ ಸುಮ್ಮನೆ ಒಳಗಿದ್ದರೆ ಏನೂ ಇಲ್ಲ. ಚಲಿಸಬೇಕು, ಆಗಲೇ ವಿದ್ಯುತ್ತು. ಇದೇ ವಿದ್ಯುತ್ಕಾಂತೀಯ ಪ್ರೇರಣೆ.

1831ರ ಅಕ್ಟೋಬರ್ ಎಂದು ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ನನ್ನ ವಿಷಯದಲ್ಲಿ ಆ ತಿಂಗಳಿಗೆ ಬೇರೆ ಅರ್ಥವಿದೆ. ನಗರದ ರೈತರ ದಂಗೆಯ ನೆಪ ಹೇಳಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ತೆಗೆದುಕೊಂಡದ್ದು ಅದೇ ತಿಂಗಳು. ಅದು ಹಿಂದಕ್ಕೆ ಬಂದದ್ದು ಐವತ್ತು ವರ್ಷದ ಮೇಲೆ, 1881ರಲ್ಲಿ. ಲಂಡನ್ನಿನ ಒಂದು ಕೋಣೆಯಲ್ಲಿ ಅಲ್ಲಾಡಿದ ಮುಳ್ಳಿಗೂ ಮೈಸೂರಿಗೂ ಅವತ್ತು ಯಾವ ಸಂಬಂಧವೂ ಇರಲಿಲ್ಲ. ಸುಮಾರು ಎಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಸಂಬಂಧ ಏರ್ಪಟ್ಟಿತು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆ ಕೈಗೆ ಬಂತು. ಎಂಜಿನಿಯರ್ ದ ಲಾಟ್ಬಿನಿಯರ್ ಅದರ ರೂಪುರೇಷೆ ಮಾಡಿದರು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಮದ್ದೂರಿನವರೆಗೆ ರೈಲಿನಲ್ಲಿ ಬಂದ ಭಾರಿ ಸಾಮಾನುಗಳನ್ನು ಅಲ್ಲಿಂದ ಮುಂದಕ್ಕೆ ಆನೆಗಳೂ ಗಾಡಿಗಳೂ ಸಾಗಿಸಿದವು. 1902ರ ಜೂನ್ 30ರಂದು ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಆ ವಿದ್ಯುತ್ತು ಹೋದದ್ದು ಎಲ್ಲಿಗೆ? ಪಕ್ಕದ ಮಳವಳ್ಳಿಗಲ್ಲ, ಮಂಡ್ಯಕ್ಕಲ್ಲ, ಶ್ರೀರಂಗಪಟ್ಟಣಕ್ಕೂ ಅಲ್ಲ. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ದೂರ ಅಷ್ಟು ಹೆಚ್ಚಿನ ವೋಲ್ಟೇಜಿನಲ್ಲಿ ವಿದ್ಯುತ್ ಸಾಗಿಸುವುದು ಆಗ ಜಗತ್ತಿನಲ್ಲೇ ದೊಡ್ಡ ಸಾಹಸ. ವೋಲ್ಟೇಜು ಯಾಕೆ ಹೆಚ್ಚಿಸಬೇಕು ಎನ್ನುವುದು ಸರಳ. ತಂತಿಯಲ್ಲಿ ಪ್ರವಾಹ ಎರಡು ಪಟ್ಟಾದರೆ ಬಿಸಿಯಾಗಿ ಹಾಳಾಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ವೋಲ್ಟೇಜು ಏರಿಸಿ, ಪ್ರವಾಹ ಇಳಿಸಿ ಕಳಿಸುತ್ತಾರೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಹಳ್ಳಿಗಳ ಸರದಿ ಬಹಳ ದೂರವಿತ್ತು.

ಪಾಠ ಇಲ್ಲಿಗೆ ಬಂದಾಗ ಒಬ್ಬ ಹುಡುಗ ಮನೆಯ ಅಟ್ಟದಿಂದ ತಾತನ ಹಳೇ ಸೈಕಲ್ಲಿನ ಡೈನಮೊ ತಂದ. ಎಂಟನೇ ತರಗತಿಯಲ್ಲಿ ಸರ್ಕಾರ ಕೊಡುತ್ತಿದ್ದ ಸೈಕಲ್ಲಿಗೆ ಡೈನಮೊ ಇಲ್ಲವಾದ್ದರಿಂದ ಎಷ್ಟೋ ಮಕ್ಕಳಿಗೆ ಅದು ಹೊಸ ವಸ್ತು. ಒಳಗೆ ಒಂದು ಕಾಂತ, ಸುತ್ತ ಒಂದು ಸುರುಳಿ, ಫ್ಯಾರಡೆಯ ಪ್ರಯೋಗವೇ ಒಂದು ಡಬ್ಬಿಯಲ್ಲಿ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಡೈನಮೊ ಟೈರಿಗೆ ತಾಗಿಸಿ, ಪೆಡಲನ್ನು ಕೈಯಿಂದ ತಿರುಗಿಸಿದೆವು. ಬಲ್ಬು ಹೊತ್ತಿತು. ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನ ಒಂದು ಹುಡುಗಿ ಮುಂದೆ ಬಂದು ತಾನೂ ತಿರುಗಿಸಿ ನೋಡಿದಳು. ತಂತಿ ಬಿಚ್ಚಿ ಒಮ್ಮೆ, ಸೇರಿಸಿ ಒಮ್ಮೆ.

"ಮೇಡಂ, ತಂತಿ ಬಿಚ್ಚಿದ್ರೆ ಹಗುರ. ದೀಪ ಹತ್ಕೊಂಡ್ರೆ ಪೆಡ್ಲು ಭಾರ ಆಯ್ತದೆ. ಅದ್ಯಾಕೆ?"

ನನಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದೆ. ಇತಿಹಾಸದ ತರಗತಿಯಲ್ಲಿ ಆ ಮಾತು ಹೇಳಿ ನನಗೆ ಎಷ್ಟು ವರ್ಷವಾಗಿತ್ತೋ! ಅವತ್ತು ರಾತ್ರಿ ಓದಿದೆ, ಒಬ್ಬ ನಿವೃತ್ತ ಮೇಷ್ಟ್ರಿಗೆ ಫೋನು ಮಾಡಿದೆ. ವಿಷಯ ಇಷ್ಟು: ಸುರುಳಿಯ ಮಾರ್ಗ ಪೂರ್ತಿಯಾದಾಗ ಅದರಲ್ಲಿ ಪ್ರವಾಹ ಹರಿಯುತ್ತದೆ. ಪ್ರವಾಹ ಹರಿದರೆ ಆ ಸುರುಳಿ ತಾನೇ ಒಂದು ಕಾಂತವಾಗುತ್ತದೆ. ಆ ಕಾಂತ, ತನ್ನನ್ನು ಹುಟ್ಟಿಸಿದ ತಿರುಗಾಟವನ್ನೇ ತಡೆಯುತ್ತದೆ. ಲೆಂಜ್ ಎಂಬಾತ ಹೇಳಿದ ನಿಯಮ ಇದು. ತಡೆಯದೆ ಇದ್ದಿದ್ದರೆ ಬೆಳಕು ಪುಕ್ಕಟೆ ಸಿಗುತ್ತಿತ್ತು. ಸೃಷ್ಟಿಯಲ್ಲಿ ಪುಕ್ಕಟೆ ಬೆಳಕಿಲ್ಲ. ದೀಪ ಎಷ್ಟು ದೊಡ್ಡದೋ ತಿರುಗಿಸುವವನಿಗೆ ಅಷ್ಟು ಭಾರ.

ಮಾರನೆಯ ದಿನ ಹೇಳಿದೆ. ಆ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಕೋಲಾರದ್ ದೀಪುಕ್ಕೆ ಪೆಡ್ಲು ತುಳ್ದೋರು ಯಾರು ಮೇಡಂ?" ಎಂದಳು.

ತುಳಿದದ್ದು ಕಾವೇರಿ. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು, ಗಣಿಯ ಯಂತ್ರಗಳಿಗೆ ಬೇಸಿಗೆ ಎಂಬುದಿರಲಿಲ್ಲ. ವರ್ಷವಿಡೀ ಒಂದೇ ಸಮನೆ ನೀರು ಬೇಕಾದರೆ ಮಳೆಗಾಲದ್ದನ್ನು ಹಿಡಿದಿಡಬೇಕು. ಗದ್ದೆಗಳಿಗೆ ನೀರು ಕೊಡಬೇಕೆಂಬುದರ ಜೊತೆಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಲು ಇದ್ದ ಮುಖ್ಯ ಕಾರಣ ಇದೇ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಯೋಜನೆ ಹಾಕಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು, 1911ರಲ್ಲಿ ಕೆಲಸ ಶುರುವಾಯಿತು. ಮದ್ರಾಸಿನ ಸರ್ಕಾರದ ಆಕ್ಷೇಪಣೆ 1924ರ ಒಪ್ಪಂದದವರೆಗೆ ಎಳೆಯಿತು. ಕಟ್ಟೆ ಮುಗಿಯುವ ಹೊತ್ತಿಗೆ 1930 ದಾಟಿತ್ತು. ಕೆಲಸ ನಡೆಯುವಾಗ ಟಿಪ್ಪುವಿನ 1794ರ ಪಾರಸಿ ಶಾಸನವೊಂದು ಸಿಕ್ಕಿತು. ಅದೇ ಜಾಗದಲ್ಲಿ ಕಾವೇರಿಗೆ ಕಟ್ಟೆ ಹಾಕಬೇಕೆಂಬ ಸಂಕಲ್ಪ ಅದರಲ್ಲಿತ್ತು.

ಕಟ್ಟೆಯ ಮಟ್ಟ 124.80 ಅಡಿ. ಈ ಅಂಕಿ ನಮ್ಮ ಜಿಲ್ಲೆಯ ಮಗುವಿಗೂ ಗೊತ್ತು. ಪ್ರತಿ ಮಳೆಗಾಲದಲ್ಲೂ ಪೇಪರಿನಲ್ಲಿ ಮೊದಲು ನೋಡುವುದೇ ಅದನ್ನು. ಅದನ್ನೇ ಮೀಟರಿಗೆ ತಂದು ಲೆಕ್ಕ ಹಾಕಿಸಿದೆ. ಸುಮಾರು 38 ಮೀಟರ್. ನೀರಿನಲ್ಲಿ ಒಂದು ಮೀಟರ್ ಆಳಕ್ಕೆ ಒಂದು ಚದರ ಮೀಟರಿನ ಮೇಲೆ ಒಂದು ಟನ್ ಒತ್ತಡ ಕೂಡುತ್ತ ಹೋಗುತ್ತದೆ. ಬುಡದಲ್ಲಿ ಅದು 38 ಟನ್. ನೀರು ಹಿಂದೆ ಎಷ್ಟು ಮೈಲಿ ಹರಡಿಕೊಂಡಿದೆ ಎನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಆಳ ಮಾತ್ರ ಬರುತ್ತದೆ. ಮಕ್ಕಳಿಗೆ ಇದನ್ನು ನಂಬುವುದು ಕಷ್ಟವಾಯಿತು. ಕಟ್ಟೆಯ ಒಂದೊಂದು ಮೀಟರ್ ಉದ್ದದ ಮೇಲೂ ತುಂಬಿದ ನೀರಿನ ತಳ್ಳುವಿಕೆ ಸುಮಾರು 700 ಟನ್. ಈ ತಳ್ಳುವಿಕೆ ಕಟ್ಟೆಯನ್ನು ಅದರ ಹೊರಬದಿಯ ಬುಡವನ್ನೇ ಕೀಲು ಮಾಡಿಕೊಂಡು ಮಗುಚಲು ನೋಡುತ್ತದೆ. ಮಗುಚದಂತೆ ಹಿಡಿದಿರುವುದು ಕಟ್ಟೆಯ ಸ್ವಂತ ತೂಕ. ಬುಡ ಅಗಲವಾದಷ್ಟೂ ಆ ತೂಕ ಕೀಲಿನಿಂದ ದೂರ ಬೀಳುತ್ತದೆ, ಅದರ ತಿರುಗಿಸುವ ಶಕ್ತಿ ಹೆಚ್ಚುತ್ತದೆ. ಏತದ ಮರದ ಲೆಕ್ಕವೇ ಇಲ್ಲೂ, ಬಾನಿಯ ಜಾಗದಲ್ಲಿ ಕಾವೇರಿ ಇದ್ದಾಳೆ ಅಷ್ಟೆ. ಸಿಮೆಂಟಿಲ್ಲದೆ, ಸುಣ್ಣ ಮತ್ತು ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಟ್ಟಡ ಅದು.

ವಿಶ್ವೇಶ್ವರಯ್ಯನವರ ಹೆಸರಿನ ಸ್ವಯಂಚಾಲಿತ ಬಾಗಿಲುಗಳ ತತ್ವವೂ ತಕ್ಕಡಿಯದೇ. 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅವರು ಮೊದಲು ಬಳಸಿದ ವಿಧಾನ ಅದು. ಸರಪಳಿಯ ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಅದಕ್ಕೆ ಸರಿದೂಗುವ ತೂಕ. ಜಲಾಶಯ ತುಂಬಿ ಮಟ್ಟ ಮೀರಿದರೆ ತೂಕವಿರುವ ಬಾವಿಯೊಳಗೆ ನೀರು ಬರುತ್ತದೆ. ನೀರಿನಲ್ಲಿ ತೂಕ ಹಗುರವಾಗುತ್ತದೆ, ಸಮತೋಲ ತಪ್ಪುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಯಾರೂ ಓಡಿ ಬರಬೇಕಿಲ್ಲ.

ಇಷ್ಟು ಹೇಳಿ ನಾನು ಪಾಠ ಮುಗಿಸಬಹುದಿತ್ತು. ಆದರೆ ಆ ಹುಡುಗಿಯ ಪ್ರಶ್ನೆಗೆ ಇದು ಅರ್ಧ ಉತ್ತರ. ಅವಳ ಮನೆ ಇದ್ದದ್ದು ಹೊಸಕನ್ನಂಬಾಡಿಯ ಕಡೆ. ಒಂದು ಭಾನುವಾರ ಹೋದೆ. ಅವಳ ಅಜ್ಜಿ ಜಗಲಿಯ ಮೇಲೆ ಹುರುಳಿ ಹಸನು ಮಾಡುತ್ತಿದ್ದರು. ಹಳೆಯ ಕನ್ನಂಬಾಡಿ ಮುಳುಗಿದ್ದನ್ನು ಅವರು ಕಂಡವರಲ್ಲ, ಅವರ ಅತ್ತೆ ಕಂಡವರು.

"ನಮ್ಮತ್ತೆ ಹೇಳೋರು ಕನವ್ವ. ಮನೆ ಬಾಗ್ಲು, ತೊಲೆ ಎಲ್ಲಾನೂ ಬಿಚ್ಕೊಂಡ್ ಗಾಡಿ ಮ್ಯಾಲೆ ಹೇರ್ಕೊಂಡ್ ಬಂದ್ರಂತೆ. ಒಲೆ ಕಲ್ಲೂ ಬುಡ್ನಿಲ್ಲ. ದೇವ್ರುನ್ ಮಾತ್ರ ಅಲ್ಲೇ ಬುಟ್ ಬಂದೋ ಅಂತ ಸಾಯೋಗಂಟ ಕೊರಗ್ತಿದ್ರು."

ಅವರು ಹೇಳಿದ್ದು ವೇಣುಗೋಪಾಲಸ್ವಾಮಿಯ ಗುಡಿಯ ಮಾತು. ಬರಗಾಲದಲ್ಲಿ ನೀರು ಇಳಿದಾಗಲೆಲ್ಲ ಆ ಗುಡಿಯ ಕಲ್ಲುಗಳು ಮೇಲೆ ಕಾಣುತ್ತಿದ್ದವು, ಜನ ಹೋಗಿ ನೋಡಿ ಬರುತ್ತಿದ್ದರು. ನಮ್ಮ ಕಾಲದಲ್ಲಿ ಅದನ್ನು ಬಿಚ್ಚಿ ತಂದು ಹೊಸಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಈಗ ಅಲ್ಲಿಗೆ ಊರೂರಿನಿಂದ ಜನ ಬರುತ್ತಾರೆ.

"ನಿಮಗೆ ಬೇಜಾರಿಲ್ಲವಾ ಅಜ್ಜಿ?" ಎಂದೆ.

"ಬೇಜಾರ್ ಯಾಕವ್ವ, ಆ ನೀರಲ್ಲಿ ಎಷ್ಟ್ ಜನ ಉಣ್ತಾವ್ರೆ. ಸರ್ಕಾರ್ದೋರು ಅದುಕ್ಕೆ ಮಾರಾಜ್ರ ಹೆಸ್ರು ಇಟ್ರು. ಆದ್ರೆ ಜನ ಕನ್ನಂಬಾಡಿ ಕಟ್ಟೆ ಅಂತ್ಲೇ ಅಂತಾರಲ್ಲ, ನಮ್ಮೂರ್ ಹೆಸ್ರು ಉಳ್ಕೊಂಡದೆ" ಎಂದರು. ಆಮೇಲೆ ಮೊರವನ್ನು ಒಮ್ಮೆ ಕೇರಿ, "ಆದ್ರೆ ಕಟ್ಟೆ ನೋಡಕ್ ಬರೋರು ಯಾರೂವೆ ಊರ್ ಎಲ್ಲಿತ್ತು ಅಂತ ಕೇಳಲ್ಲ" ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಎಷ್ಟೋ ವರ್ಷ ನಾನು ಮಕ್ಕಳನ್ನು ಬೃಂದಾವನಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೇನೆ. ಬಣ್ಣದ ದೀಪದಡಿ ಕುಣಿಯುವ ಕಾರಂಜಿ ತೋರಿಸಿದ್ದೇನೆ. ಕಟ್ಟೆಯ ಉದ್ದ 8,600 ಅಡಿ ಎಂದು ಬರೆಸಿದ್ದೇನೆ. ಹಿನ್ನೀರಿನ ಕಡೆ ಕೈ ತೋರಿಸಿ, ಅಲ್ಲಿ ಊರುಗಳಿದ್ದವು, ಸಾವಿರಾರು ಜನ ಒಲೆ ಕಲ್ಲು ಹೊತ್ತುಕೊಂಡು ಹೊರಟರು ಎಂದು ಒಮ್ಮೆಯೂ ಹೇಳಿರಲಿಲ್ಲ. ಇತಿಹಾಸದ ಮೇಡಂ ನಾನು. ಪೆಡಲು ಭಾರವಾದದ್ದು ಯಾರಿಗೆ ಎನ್ನುವುದನ್ನು ನನಗೆ ಕಲಿಸಿದ್ದು ಭೌತಶಾಸ್ತ್ರದ ಪಾಠ.

ಕಟ್ಟೆಯಿಂದ ನಮ್ಮ ಜಿಲ್ಲೆ ಬದುಕಿತು ಎನ್ನುವುದೂ ಸತ್ಯವೇ. ಮೊದಲು ವೈಸ್‌ರಾಯ್ ಇರ್ವಿನ್ನರ ಹೆಸರಿದ್ದ ನಾಲೆ ಈಗ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಬಳಿ ಗುಡ್ಡದೊಳಗೆ ಸುರಂಗ ಕೊರೆದು ಅದರ ನೀರನ್ನು ಆಚೆ ದಾಟಿಸಿದರು. ಮಂಡ್ಯ, ಮದ್ದೂರಿನ ಬೆಂಗಾಡು ಕಬ್ಬು ಭತ್ತದ ಸೀಮೆಯಾಯಿತು. ಕೆ.ಆರ್. ಪೇಟೆಗೆ ಆಮೇಲೆ ಗೊರೂರಿನ ಹೇಮಾವತಿ ಬಂದಳು. ನಾಗಮಂಗಲದ ಬಹುಪಾಲು ಹಳ್ಳಿಗಳು ಮಾತ್ರ ಬಾವಿಯನ್ನೇ ನಂಬಿಕೊಂಡು ಉಳಿದವು.

ನಮ್ಮೂರಿಗೆ ಕರೆಂಟು ಬಂದಾಗ ನಾನು ಎರಡನೇ ತರಗತಿ. ಶಿವನಸಮುದ್ರದಲ್ಲಿ ಚಕ್ರ ತಿರುಗಿ ಆಗಲೇ ಎಪ್ಪತ್ತು ವರ್ಷ ದಾಟಿತ್ತು. ಎರಡು ವರ್ಷದ ಮೇಲೆ ನಮ್ಮ ತಂದೆ ಬಾವಿಗೆ ಪಂಪ್‌ಸೆಟ್ಟು ಕೂರಿಸಿದರು. ಮೋಟಾರು ಎಂದರೆ ಡೈನಮೊದ ತಿರುವುಮುರುವು. ಅಲ್ಲಿ ತಿರುಗಿಸಿದರೆ ವಿದ್ಯುತ್ತು ಬರುತ್ತದೆ, ಇಲ್ಲಿ ವಿದ್ಯುತ್ತು ಕೊಟ್ಟರೆ ತಿರುಗುತ್ತದೆ. ಫ್ಲೆಮಿಂಗ್‌ನ ಬಲಗೈ ನಿಯಮ ಅದಕ್ಕೆ, ಎಡಗೈ ನಿಯಮ ಇದಕ್ಕೆ ಎಂದು ಮಕ್ಕಳು ಬೆರಳು ಮಡಿಸಿ ಕಲಿಯುತ್ತಾರೆ. ಸ್ವಿಚ್ಚು ಒತ್ತಿದ ದಿನ ಕೊಳವೆಯಿಂದ ನೀರು ಧುಮುಕಿದ್ದನ್ನು ನೋಡಿ ತಾತ ಏನೂ ಮಾತಾಡಲಿಲ್ಲ. ಕಾಲುವೆಯ ಬದುವಿನ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡರು. ಅವರ ಅಂಗಾಲು ಏತದ ಮರ ತುಳಿದು ತುಳಿದು ಕಲ್ಲಿನ ಹಾಗಾಗಿತ್ತು. ಅವರ ಜೊತೆ ತುಳಿಯುತ್ತಿದ್ದ ಕೂಲಿಯವನು ಮುಂದಿನ ವರ್ಷ ಬೆಂಗಳೂರಿಗೆ ಹೊರಟುಹೋದ. ಅವನಿಗೆ ಅದರಿಂದ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ನಾವು ಯಾರೂ ವಿಚಾರಿಸಲಿಲ್ಲ.

ಅದೇ ಹೊಲವನ್ನು ಈಗ ನನ್ನ ತಮ್ಮ ನೋಡಿಕೊಳ್ಳುತ್ತಾನೆ. ತೆರೆದ ಬಾವಿ ಬತ್ತಿ ಬಹಳ ಕಾಲವಾಯಿತು. ಕೊಳವೆಬಾವಿಯ ಆಳ 650 ಅಡಿ, ಅಂದರೆ ಹತ್ತಿರ ಹತ್ತಿರ 200 ಮೀಟರ್. ತಾತನ ಕಪಿಲೆ ಬಾವಿ 8 ಮೀಟರ್. ಅಷ್ಟು ಆಳದಿಂದ ಎತ್ತುವುದಾದರೆ ಅದೇ ಒಂದು ಕೊಡ ನೀರಿಗೆ 25 ಪಟ್ಟು ಕೆಲಸವಾಗಬೇಕು. ಪಂಪ್‌ಸೆಟ್ಟಿನ ಕರೆಂಟಿಗೆ ಬಿಲ್ಲು ಇಲ್ಲವಾದ್ದರಿಂದ ಆ 25 ಪಟ್ಟು ತಮ್ಮನ ಕಣ್ಣಿಗೆ ಕಾಣುವುದಿಲ್ಲ. ತ್ರೀ ಫೇಸ್ ರಾತ್ರಿ ಕೊಟ್ಟರೆ ನಿದ್ದೆಗೆಟ್ಟು, ಬ್ಯಾಟರಿ ಹಿಡಿದು ಹೊಲಕ್ಕೆ ಓಡುವುದು ಮಾತ್ರ ಕಾಣುತ್ತದೆ. ಒಂದು ಫೇಸ್ ಹೋದದ್ದು ತಿಳಿಯದೆ ಮೋಟಾರು ಸುಟ್ಟರೆ ಕಾಣುತ್ತದೆ. ಆ ಭಾರ ಎಲ್ಲೋ ದೂರದಲ್ಲಿ ಯಾವುದೋ ಚಕ್ರದ ಮೇಲೆ, ಯಾವುದೋ ಊರಿನವರ ಮೇಲೆ ಬೀಳುತ್ತದೆ. ನಾನು ಇದನ್ನು ಹೇಳಿದಾಗ ತಮ್ಮ ನಕ್ಕು, "ಅಕ್ಕ, ನೀನು ಸೈನ್ಸು ಹೇಳಕ್ ಸುರು ಮಾಡ್ದಾಗ್ನಿಂದ ನಿನ್ ಜೊತೆ ಮಾತಾಡಕ್ಕೇ ಭಯ" ಎಂದ. ಆದರೂ ಮರುವರ್ಷ ಅರ್ಧ ಎಕರೆಗೆ ಹನಿ ನೀರಾವರಿ ಹಾಕಿಸಿದ. ನನ್ನ ಮಾತಿಗೋ ನೀರು ಕಡಿಮೆಯಾದದ್ದಕ್ಕೋ ಕೇಳಲಿಲ್ಲ.

ಜನವರಿಯಲ್ಲಿ ಹೊಸ ವಿಜ್ಞಾನದ ಮೇಷ್ಟ್ರು ಬಂದರು, ಚುರುಕಾದ ಹುಡುಗ. ನಾನು ಪುಸ್ತಕ, ಡೈನಮೊ ಎರಡನ್ನೂ ಅವರಿಗೆ ಒಪ್ಪಿಸಿ ನನ್ನ ಟಿಪ್ಪುವಿನ ಬಳಿಗೆ ವಾಪಸಾದೆ. ಆ ವರ್ಷದ ಪ್ರವಾಸ ಮತ್ತೆ ಕನ್ನಂಬಾಡಿಗೇ. ಈ ಸಲ ಬೃಂದಾವನಕ್ಕೆ ಮೊದಲು ಬಸ್ಸನ್ನು ಹೊಸಕನ್ನಂಬಾಡಿಯ ಕಡೆ ತಿರುಗಿಸಲು ಹೇಳಿದೆ. ಹಿನ್ನೀರಿನ ದಂಡೆಯಲ್ಲಿ ಮಕ್ಕಳನ್ನು ನಿಲ್ಲಿಸಿ, ಊರು ಎಲ್ಲಿತ್ತು ಎಂದು ಹೇಳಲು ಆ ಹುಡುಗಿಯನ್ನೇ ಕರೆದೆ. ಅವಳು ನೀರಿನ ಕಡೆಗೆ ಕೈ ಚಾಚಿ, ಅಜ್ಜಿ ಹೇಳಿದಂತೆ, ಅಗೋ ಅಲ್ಲಿ ಗುಡಿ ಇತ್ತು, ಅದರ ಈಚೆಗೆ ನಮ್ಮ ಮನೆ ಇತ್ತು ಎಂದು ತೋರಿಸಿದಳು. ಸಂಜೆ ಬೃಂದಾವನದಲ್ಲಿ ದೀಪ ಹೊತ್ತಿಕೊಂಡಾಗ ಮಕ್ಕಳು ಎಂದಿನಂತೆ ಹೋ ಎಂದು ಕೂಗಿದರು. ನಾನೂ ಅವರ ಜೊತೆ ನಿಂತು ನೋಡಿದೆ.